ಚಿಕಿತ್ಸೆ ಮುಗಿದ ಮೇಲಿನ ಹಾದಿ

ತುಮಕೂರಿನ ಬಸ್ ನಿಲ್ದಾಣದಲ್ಲಿ ಮುಂಜಾನೆ ಸ್ವಲ್ಪ ಹೊತ್ತು ನಿಂತರೆ, ಪ್ಲಾಸ್ಟಿಕ್ ಚೀಲದಲ್ಲಿ ದಪ್ಪನೆಯ ಕಡತವೊಂದನ್ನು ಎದೆಗವಚಿಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುವವರು ಕಣ್ಣಿಗೆ ಬೀಳುತ್ತಾರೆ. ಗುಬ್ಬಿಯ ಕಡೆಯವರು ಇಲ್ಲಿ ಬಸ್ಸು ಬದಲಿಸುತ್ತಾರೆ. ಕುಣಿಗಲ್ಲಿನವರು ನೆಲಮಂಗಲದ ದಾರಿ ಹಿಡಿಯುತ್ತಾರೆ. ಇವರಲ್ಲಿ ಕೆಲವರು ಕ್ಯಾನ್ಸರನ್ನು ಗೆದ್ದು ಬಂದವರು. ಐದು ನಿಮಿಷದ ತಪಾಸಣೆಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಹೊರಟಿದ್ದಾರೆ. ರೋಗವನ್ನು ಗುಣಪಡಿಸಿದ ಕಥೆಯನ್ನು ನಾವು ಬಲ್ಲೆವು. ಗುಣವಾದವರ ಮುಂದಿನ ಕಥೆಗೂ ಒಂದು ಇತಿಹಾಸವಿದೆ.

ರಫಿ ಅಹ್ಮದ್ ಕಿದ್ವಾಯಿಯವರ ನೆನಪಿನಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಗಿ, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಅಲ್ಲಿಯೇ ನಡೆಯತೊಡಗಿತು. ‘ಕರೆಂಟು ಕೊಡಿಸಲು’ ಹೋಗುವುದೆಂದರೆ ಮರಳಿ ಬಾರದ ಪ್ರಯಾಣವೆಂಬ ಭಯ ನಮ್ಮ ಹಳ್ಳಿಗಳಲ್ಲಿ ನಿಧಾನವಾಗಿ ಕರಗಿತು. ಜನರು ಮರಳಿ ಬಂದರು. ಆದರೆ ಮರಳಿ ಬಂದವರನ್ನು ಊರಿನಲ್ಲಿ ನೋಡಿಕೊಳ್ಳುವವರು ಯಾರು ಎಂಬುದು ಇತ್ಯರ್ಥವಾಗಲೇ ಇಲ್ಲ.

ಇದು ನಮ್ಮೊಬ್ಬರ ಕೊರತೆಯಲ್ಲ. ಸ್ವತಃ ಕ್ಯಾನ್ಸರಿಗೆ ತುತ್ತಾಗಿ ಚೇತರಿಸಿಕೊಂಡ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ 1985ರಲ್ಲಿ ಬರೆದ ಲೇಖನವೊಂದರಲ್ಲಿ ಬದುಕುಳಿಯುವುದಕ್ಕೆ ಮೂರು ಋತುಗಳಿವೆಯೆಂದರು: ಚಿಕಿತ್ಸೆಯ ಕಾಲ, ಎಚ್ಚರದಿಂದ ಕಾಯುವ ಕಾಲ, ಬಳಿಕ ಸ್ಥಿರವಾಗಿ ಬಾಳುವ ಕಾಲ. ವೈದ್ಯಶಾಸ್ತ್ರ ಮೊದಲನೆಯದಕ್ಕಷ್ಟೇ ಸಿದ್ಧವಾಗಿತ್ತು. ಪ್ರತಿಯೊಬ್ಬ ರೋಗಿಗೂ ಚಿಕಿತ್ಸೆಯ ಸಾರಾಂಶವನ್ನೂ ಮುಂದಿನ ಆರೈಕೆಯ ಯೋಜನೆಯನ್ನೂ ಬರೆದುಕೊಡಬೇಕೆಂದು ಆ ದೇಶದ ವೈದ್ಯಕೀಯ ಸಂಸ್ಥೆಯ ವರದಿ ಶಿಫಾರಸು ಮಾಡಿದ್ದು 2006ರಲ್ಲಿ.

ಈ ಆರೈಕೆ ಕುಟುಂಬ ವೈದ್ಯರಿಂದ ಸಾಧ್ಯವೇ? ಇಂಗ್ಲೆಂಡಿನಲ್ಲಿ ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡ 296 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಆಸ್ಪತ್ರೆಗೂ ಇನ್ನೊಂದನ್ನು ಕುಟುಂಬ ವೈದ್ಯರಿಗೂ ಒಪ್ಪಿಸಿ ನೋಡಿದರು. ಈವಾ ಗ್ರನ್‌ಫೆಲ್ಡ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ರೋಗ ಮರುಕಳಿಸಿದ್ದನ್ನು ಗುರುತಿಸುವಲ್ಲಿ ಕುಟುಂಬ ವೈದ್ಯರ ಗುಂಪಿನಲ್ಲಿ ಹೆಚ್ಚಿನ ವಿಳಂಬವಾಗಲಿಲ್ಲ. 2006ರಲ್ಲಿ ಕೆನಡಾದ 968 ಮಹಿಳೆಯರ ಅಧ್ಯಯನವೂ ಅದನ್ನೇ ಸಮರ್ಥಿಸಿತು. ಆದರೆ ಇದನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು. ಅಲ್ಲಿನ ರೋಗಿಗೆ ಗೊತ್ತಾದ ವೈದ್ಯರೊಬ್ಬರಿದ್ದರು. ಸಂಶಯ ಬಂದೊಡನೆ ತಜ್ಞರ ಬಳಿಗೆ ಮರಳುವ ದಾರಿ ತೆರೆದಿತ್ತು.

ನಮ್ಮಲ್ಲಿಯ ಸ್ಥಿತಿ ಬೇರೆ. ಕುಣಿಗಲ್ ಕಡೆಯ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಅವಳಿಗೆ ಐದು ವರ್ಷ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟಿದ್ದಾರೆ. ‘ಗುಣವಾಯಿತಲ್ಲ’ ಎಂದು ಅವಳು ಎರಡನೆಯ ವರ್ಷವೇ ಮಾತ್ರೆ ನಿಲ್ಲಿಸಬಹುದು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ಒಡನೆ ಹೇಳಬೇಕೆಂಬುದು ಅವಳಿಗೆ ತಿಳಿದಿರಲಿಕ್ಕಿಲ್ಲ. ತೋಳು ಊದಿಕೊಂಡರೆ ಅದು ಹೊಲದ ಕೆಲಸದ ನೋವೆಂದು ಸುಮ್ಮನಾಗಬಹುದು.

ಗುಬ್ಬಿ ಅಡಿಕೆಯ ಸೀಮೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಬಾಯಿಯ ಕ್ಯಾನ್ಸರಿಗೆ ವಿಕಿರಣ ಪಡೆದವರಿಗೆ ಬಾಯಿ ಒಣಗುತ್ತದೆ, ಹಲ್ಲು ಬೇಗ ಹುಳುಕಾಗುತ್ತದೆ. ಕತ್ತಿಗೂ ವಿಕಿರಣ ಬಿದ್ದಿದ್ದರೆ ಥೈರಾಯ್ಡ್ ಕುಂದಬಹುದು. ಹಲ್ಲು ಕೀಳುವ ಮುನ್ನ ದಂತವೈದ್ಯರಿಗೆ ಹಳೆಯ ವಿಕಿರಣದ ವಿಷಯ ತಿಳಿದಿರಲೇಬೇಕು. ಇಲ್ಲವಾದರೆ ದವಡೆಯ ಮೂಳೆಯೇ ಕೊಳೆಯುವ ಅಪಾಯವಿದೆ. ಥೈರಾಯ್ಡ್ ಪರೀಕ್ಷೆಗಂತೂ ಬೆಂಗಳೂರೇ ಬೇಕಿಲ್ಲ. ಊರಿನ ವೈದ್ಯರು ಒಂದು ರಕ್ತಪರೀಕ್ಷೆ ಬರೆದುಕೊಟ್ಟರೆ ಸಾಕು. ಆದರೆ ಏನನ್ನು, ಯಾವಾಗ ಪರೀಕ್ಷಿಸಬೇಕೆಂದು ಅವರಿಗೆ ತಿಳಿಸುವವರು ಬೇಕು.

ಹಿಂದೆ ಒಂದೊಂದು ಮನೆತನಕ್ಕೂ ಒಬ್ಬ ವೈದ್ಯರಿದ್ದರು. ಅಜ್ಜನ ದಮ್ಮು, ಮೊಮ್ಮಗನ ಜ್ವರ ಎರಡೂ ಅವರಿಗೆ ನೆನಪಿರುತ್ತಿತ್ತು. ಇಂದು ತಜ್ಞರಿಗೆ ರೋಗ ಗೊತ್ತು, ಊರಿನ ವೈದ್ಯರಿಗೆ ಮನುಷ್ಯ ಗೊತ್ತು. ಇವರಿಬ್ಬರ ನಡುವೆ ಪತ್ರವ್ಯವಹಾರವೇ ವಿರಳ. ಯಾವ ಕ್ಯಾನ್ಸರ್, ಯಾವ ಔಷಧ, ಎಷ್ಟು ವಿಕಿರಣ, ಯಾವ ಲಕ್ಷಣ ಕಂಡರೆ ಕೂಡಲೇ ಕಳುಹಿಸಬೇಕು: ಇಷ್ಟನ್ನು ಕನ್ನಡದಲ್ಲಿಯೂ ಬರೆದ ಒಂದು ಪುಟ ಸಾಕು. ಆ ಪುಟವನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ಕೇಳಲು ಧೈರ್ಯ ತುಂಬುವುದು ಮನೆಯವರ, ನೆರೆಯವರ ಕರ್ತವ್ಯ. ಎದೆಗವಚಿಕೊಂಡ ಆ ದಪ್ಪನೆಯ ಕಡತವನ್ನು ಊರಿನ ವೈದ್ಯರೊಬ್ಬರು ಮುಂದಿನ ಸಲ ತೆರೆದು ಓದಲೆಂದು ಆಶಿಸೋಣ.