ಮರಳಿನಡಿಯ ನೀರು: ಲಕ್ಷದ್ವೀಪದ ಪ್ರವಾಸೋದ್ಯಮಕ್ಕೆ ಒಂದು ಅಳತೆಗೋಲು

ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗಳಿಗೆ, ಅಂದರೆ ಸರಕು ದೋಣಿಗಳಿಗೆ, ಏನೇನು ತುಂಬುತ್ತಾರೆಂದು ನೋಡಿದರೆ ಆ ದ್ವೀಪಗಳ ಬದುಕು ಅರ್ಧ ಅರ್ಥವಾಗುತ್ತದೆ: ಸಿಮೆಂಟು, ಜಲ್ಲಿ, ಇಟ್ಟಿಗೆ, ಅಕ್ಕಿ, ತರಕಾರಿ. ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳ ಗುಂಪು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದಿಂದ ಟಿಪ್ಪುವಿನ ಕೈಗೆ ಬಂತು. 1799ರ ಬಳಿಕ ಬ್ರಿಟಿಷರದಾಯಿತು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರೂಪುಗೊಳ್ಳುವವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ದ್ವೀಪದವರು ತೆಂಗಿನ ನಾರು ತಂದು ಸರ್ಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. ಹೊರಗಿನವರು ಬೆಲೆ ಕಟ್ಟುವ ಒಂದೇ ಸರಕಿಗೆ ತಮ್ಮ ಅನ್ನವನ್ನು ಕಟ್ಟಿಹಾಕಿಕೊಂಡರೆ ಏನಾಗುತ್ತದೆಂದು ಅವರಿಗೆ ಗೊತ್ತು. ಪ್ರವಾಸೋದ್ಯಮ ಎರಡನೆಯ ತೆಂಗಿನ ನಾರು ಆಗಬಾರದೆಂಬ ಕಾಳಜಿಯಿಂದಲೇ ಈ ಲೇಖನ ಹುಟ್ಟಿದೆ.

ದ್ವೀಪದ ಧಾರಣ ಸಾಮರ್ಥ್ಯವನ್ನು ಯೋಜನೆಗಳು ಸಾಮಾನ್ಯವಾಗಿ ಕೋಣೆ, ಹಾಸಿಗೆ, ವಿಮಾನದ ಆಸನಗಳಲ್ಲಿ ಲೆಕ್ಕ ಹಾಕುತ್ತವೆ. ಹವಳದ ದ್ವೀಪಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮೊದಲು ಅಳೆಯಬೇಕಾದದ್ದು ಬಾವಿಯ ನೀರು ಎಂಬುದು ನನ್ನ ವಾದ.

ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯಂತೆ 64,473 ಮಂದಿ. ಹೊಳೆಯಿಲ್ಲ, ತೊರೆಯಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ಮಸೂರದಂತೆ ತೇಲಿ ನಿಲ್ಲುತ್ತದೆ. ಈ ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರು ಇರಬಹುದೆಂದು ಗೈಬೆನ್ ಮತ್ತು ಹರ್ಜ್‌ಬರ್ಗ್ ಎಂಬ ವಿಜ್ಞಾನಿಗಳ ಸೂತ್ರ ಹೇಳುತ್ತದೆ. ಅದೇ ಸೂತ್ರವನ್ನು ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ: ಪಂಪು ಹಚ್ಚಿ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಅದರ ನಲವತ್ತು ಪಟ್ಟು ಮೇಲೇರಲು ಹೊರಡುತ್ತದೆ. ಕೊಡ ಕೊಡವಾಗಿ ಸೇದುವ ಮನೆ ಈ ಪದರವನ್ನು ಕಲಕುವುದಿಲ್ಲ. ಷವರ್, ಫ್ಲಶ್, ಈಜುಕೊಳ ಕಲಕುತ್ತವೆ.

ಸಮುದ್ರದ ನೀರನ್ನೇ ಸಿಹಿ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿ ದ್ವೀಪದಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರ ಕಟ್ಟಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಂಪುಗೊಳಿಸುವ ವಿಧಾನ ಅದು. ದ್ವೀಪದವರ ಪಾಲಿಗೆ ನಿಜವಾದ ವರದಾನ. ಆದರೆ ಪಂಪು ತಿರುಗಿಸುವ ವಿದ್ಯುತ್ತು ಹೆಚ್ಚಾಗಿ ಡೀಸೆಲ್‌ನಿಂದ ಬರುತ್ತದೆ, ಡೀಸೆಲ್ ಹಡಗಿನಲ್ಲಿ ಬರುತ್ತದೆ. ಊರಿನ ಕುಡಿಯುವ ನೀರಿಗೆಂದು ಕಟ್ಟಿದ್ದನ್ನು ರೆಸಾರ್ಟಿನ ಭರವಸೆಯಾಗಿ ಲೆಕ್ಕಕ್ಕೆ ಹಿಡಿಯುವುದು ತಪ್ಪು.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಮರಳಿನಲ್ಲಿ ಶೌಚಗುಂಡಿಗೂ ಬಾವಿಗೂ ನಡುವೆ ಗೋಡೆಯಿಲ್ಲ. ಅಲ್ಲಿಂದ ಜಿನುಗಿದ್ದು ಲಗೂನನ್ನು, ಅಂದರೆ ಹವಳದಿಬ್ಬದೊಳಗಿನ ಆಳವಿಲ್ಲದ ಕಡಲನ್ನು, ಸೇರುತ್ತದೆ. ಲಕ್ಷದ್ವೀಪದವರು ಟ್ಯೂನಾ ಹಿಡಿಯುವುದು ಗಾಳದ ಕೋಲಿನಿಂದ, ಒಂದೊಂದಾಗಿ. ಅದಕ್ಕೆ ಜೀವಂತ ಎರೆಮೀನು ಬೇಕು. ಆ ಪುಟ್ಟ ಮೀನುಗಳು ಸಿಗುವುದು ಲಗೂನಿನಲ್ಲಿ, ಹವಳದ ಸಂದಿಗಳಲ್ಲಿ. ಹವಳ ಹೋದರೆ ಎರೆ ಇಲ್ಲ, ಎರೆಯಿಲ್ಲದೆ ಟ್ಯೂನಾ ಇಲ್ಲ, ಟ್ಯೂನಾ ಇಲ್ಲದೆ ಒಣಗಿಸಿ ಮಾರುವ ಮಾಸ್ಮೀನೂ ಇಲ್ಲ. 1998, 2010, 2016ರ ಸಮುದ್ರದ ಬಿಸಿಗೆ ಇಲ್ಲಿನ ಹವಳ ಬಿಳಿಚಿ ಸತ್ತಿದೆ. ಪೆಟ್ಟು ತಿಂದು ಚೇತರಿಸಿಕೊಳ್ಳಲು ಹೆಣಗುತ್ತಿರುವ ಹವಳದಿಬ್ಬದ ಮೇಲೆ ಕೊಳಚೆಯ ಹೊರೆಯನ್ನೂ ಹೇರಬಾರದು. ಮಿನಿಕಾಯ್, ಸುಹೇಲಿ, ಕಡಮತ್‌ಗಳಲ್ಲಿ ನೀರಿನ ಮೇಲೆ ಕಟ್ಟಬೇಕೆಂದಿರುವ ವಿಲ್ಲಾಗಳನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ. ಅವುಗಳ ಕಂಬ ಇಳಿಯುವುದು ಮೀನುಗಾರನ ಎರೆಬುಟ್ಟಿಯೊಳಕ್ಕೆ.

ಹಾಗೆಂದು ಪ್ರವಾಸಿಗರೇ ಬೇಡ ಎನ್ನುವುದಲ್ಲ. ದ್ವೀಪಾಡಳಿತದ 'ಸಮುದ್ರಂ' ಯಾತ್ರೆಯಲ್ಲಿ ಪ್ರವಾಸಿಗರು ಹಗಲು ದ್ವೀಪ ನೋಡಿ ರಾತ್ರಿ ಹಡಗಿನಲ್ಲೇ ಮಲಗುತ್ತಾರೆ. ಸ್ನಾನದ ನೀರಿನ ಭಾರ ಬಾವಿಯ ಮೇಲೆ ಬೀಳುವುದಿಲ್ಲ. ಊಟ, ದೋಣಿ, ಕುಣಿತ, ಕೈಕೆಲಸಗಳಿಗೆ ಕೊಡುವ ದುಡ್ಡು ಮಾತ್ರ ದ್ವೀಪದಲ್ಲಿ ಉಳಿಯಬಲ್ಲದು. ಹಡಗಿನ ಕೊಳಚೆಯನ್ನು ಲಗೂನಿನಿಂದ ದೂರವಿಟ್ಟರೆ ಇದಕ್ಕಿಂತ ಹಿತವಾದ ಮಾದರಿ ನನಗೆ ಕಾಣದು. ಹೊರಗಿನವರು ಅನುಮತಿಪತ್ರವಿಲ್ಲದೆ ಕಾಲಿಡುವಂತಿಲ್ಲ ಎಂಬ ನಿಯಮವೂ ಜತೆಗಿದೆ. ಸಂಖ್ಯೆಯನ್ನು ಬಾಗಿಲಲ್ಲೇ ತಡೆಯುವ ಅಧಿಕಾರ ಕೆಲವೇ ದ್ವೀಪಗಳಿಗುಂಟು.

ಅಂಥ ಬಾಗಿಲು ತೆರೆದೇ ಇದ್ದುದರ ಫಲ ಫಿಲಿಪ್ಪೀನ್ಸಿನ ಬೊರಾಕಾಯ್‌ನಲ್ಲಿ ಕಂಡಿತು. ಕೊಳಚೆ ನೇರ ಕಡಲು ಸೇರುತ್ತಿದ್ದುದರಿಂದ 2018ರ ಏಪ್ರಿಲ್‌ನಲ್ಲಿ ಸರ್ಕಾರ ದ್ವೀಪವನ್ನೇ ಆರು ತಿಂಗಳು ಮುಚ್ಚಿತು. ತೆರೆದಾಗ ದಿನಕ್ಕೆ 6,405 ಪ್ರವಾಸಿಗರೆಂಬ ಮಿತಿ ಬಂತು. ಆ ಆರು ತಿಂಗಳ ಕೂಲಿ ಕಳೆದುಕೊಂಡವರು ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ದೋಣಿ ನಡೆಸುವವರು.

ಲಕ್ಷದ್ವೀಪಕ್ಕೆ ಮಿತಿಯನ್ನು ಮೊದಲೇ ಗೊತ್ತುಮಾಡುವ ಅವಕಾಶ ಇನ್ನೂ ಇದೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿಯ ಶಿಫಾರಸುಗಳ ಬೆನ್ನಿಗೆ ದ್ವೀಪಗಳಿಗೆ ಸಮಗ್ರ ನಿರ್ವಹಣಾ ಯೋಜನೆಗಳು ಬಂದಿವೆ. ಅವಕ್ಕೆ ಒಂದು ಸರಳ ಪದ್ಧತಿ ಸೇರಲಿ. ಪ್ರತಿ ದ್ವೀಪದಲ್ಲೂ ಆಯ್ದ ಬಾವಿಗಳ ಉಪ್ಪಿನಂಶವನ್ನು ಬೇಸಿಗೆಯ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು, ಊರಿನವರೇ ಅಳೆದು ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಮಳೆಗಾಲ ಕಳೆದು ಮಂಜಿಗಳು ಮತ್ತೆ ಹೊರಡುವ ಋತುವಿಗೆ ಎಷ್ಟು ಹಾಸಿಗೆ ಹಾಸಬಹುದೆಂದು ಆ ಅಂಕಿಯನ್ನು ನೋಡಿ ತೀರ್ಮಾನಿಸಬೇಕು. ಉಪ್ಪು ಏರಿದ ವರ್ಷ ಹಾಸಿಗೆ ಇಳಿಯಬೇಕು.