ಹೊಸ ತಂಡಕ್ಕೆ ಬೇಕಾದ ಸಣ್ಣ ರಂಗ

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವ ಬಗೆ ಓದುಗರಿಗೆ ಹೊಸದಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಡೆಯವರಿಗಂತೂ ವಿವರಿಸಬೇಕಾಗಿಯೇ ಇಲ್ಲ. ಹಾರ್ಮೋನಿಯಂ ಮೇಷ್ಟರು ಬರುತ್ತಾರೆ, ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ, ಸೀನರಿ ಬಾಡಿಗೆಗೆ ಬರುತ್ತದೆ. ಒಂದು ರಾತ್ರಿ ಊರ ಹುಡುಗನೇ ದುರ್ಯೋಧನನಾಗಿ ಗದೆ ಹೊತ್ತು ನಿಲ್ಲುತ್ತಾನೆ. ಶ್ರುತಿ ಅತ್ತಿತ್ತಾದರೂ ಜನ ಎದ್ದು ಹೋಗುವುದಿಲ್ಲ. ‘ನಮ್ಮ ಹುಡುಗ’ ಎಂಬ ಅಭಿಮಾನ ಅವರನ್ನು ಬೆಳಗಿನವರೆಗೂ ಕೂರಿಸುತ್ತದೆ.

ಹಾರ್ಮೋನಿಯಂ ಬದಲು ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗರಿಗೂ ಬೇಕಾದದ್ದು ಇದೇ: ತಪ್ಪುತ್ತಾ ಕಲಿಯಲು ಒಂದು ಸಣ್ಣ ರಂಗ, ಹೆಸರು ಬರುವ ಮೊದಲೇ ಕೇಳಲು ಬರುವ ಒಂದಷ್ಟು ಅಭಿಮಾನಿಗಳು. ಬೆಂಗಳೂರಿನ ರಾಕ್ ಸಂಗೀತದ ಕಥೆಯನ್ನು ಈ ಕಡೆಯಿಂದ ನೋಡಿದರೆ ಅದು ಬೇರೆಯಾಗಿಯೇ ಕಾಣುತ್ತದೆ.

ಈ ನಗರಕ್ಕೆ ಪಾಶ್ಚಾತ್ಯ ವಾದ್ಯಗಳು ಬಂದದ್ದು ದಂಡಿನ ಜೊತೆಗೆ. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡಿತು. ಮುಂದೆ ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡಿನಲ್ಲಿ ಬ್ರಿಟಿಷ್ ಸೇನೆಯ ವಾದ್ಯವೃಂದಗಳು ನುಡಿಸಿದವು. 1970ರ ದಶಕದ ಹೊತ್ತಿಗೆ ‘ಹ್ಯೂಮನ್ ಬಾಂಡೇಜ್’ನಂಥ ತಂಡಗಳು ಇಲ್ಲಿ ರಾಕ್ ನುಡಿಸುತ್ತಿದ್ದವು. 1996ರಲ್ಲಿ ಸ್ವಾತಂತ್ರ್ಯ ದಿನಾಚರಣೆಯ ನೆಪದಲ್ಲಿ ‘ಫ್ರೀಡಂ ಜ್ಯಾಮ್’ ಎಂಬ ಉಚಿತ ಸಂಗೀತ ಮೇಳ ಆರಂಭವಾಯಿತು. ಟಿಕೆಟ್ಟಿಲ್ಲ, ಹೊಸಬರೆಂಬ ತಾತ್ಸಾರವಿಲ್ಲ. ಅದೇ ವರ್ಷ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಹುಟ್ಟಿತು. 1998ರಲ್ಲಿ ಹುಟ್ಟಿದ ಹೆವಿ ಮೆಟಲ್ ತಂಡ ‘ಕ್ರಿಪ್ಟೋಸ್’ 2013ರಲ್ಲಿ ಜರ್ಮನಿಯ ಹೆಸರಾಂತ ವಾಕನ್ ಮೇಳದಲ್ಲಿ ನುಡಿಸಿತು. ನಡುವೆ ಹದಿನೈದು ವರ್ಷ!

ಕನ್ನಡಕ್ಕೂ ಇದರಿಂದ ಲಾಭವಾಗಿದೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದಕ್ಕೂ ಮುನ್ನ ಅವರು ‘ಅಂತರಾಗ್ನಿ’ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ವೇದಿಕೆ ಹತ್ತಿ ಇಳಿದಿದ್ದರು. ಆ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳು ಗಿಟಾರ್, ಡ್ರಮ್ಮುಗಳ ಜೊತೆ ಕೇಳಿಬಂದವು. ತತ್ತ್ವಪದವೆಂದರೆ ಮೂಗು ಮುರಿಯುತ್ತಿದ್ದ ಕಾಲೇಜು ಹುಡುಗರೂ ದನಿಗೂಡಿಸಿದರು.

ಆದರೆ ನಗರದ ಹೊರಗಿನವರಿಗೆ ನೆನಪಿರುವುದು ಅರಮನೆ ಮೈದಾನದ ಜನಸಾಗರ. 2007ರ ಮಾರ್ಚ್ 17ರಂದು ‘ಐರನ್ ಮೇಡನ್’, 2011ರ ಅಕ್ಟೋಬರ್ 30ರಂದು ‘ಮೆಟಾಲಿಕಾ’ ಅಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಯಿಂದ ಅಭಿಮಾನಿಗಳು ಬಂದಿದ್ದರು. ಜಾತ್ರೆ ನೋಡಲು ಸೊಗಸು, ನಿಜ. ಆದರೆ ಜಾತ್ರೆಯ ಮಳಿಗೆಯನ್ನೇ ನಂಬಿ ಊರು ಬದುಕುವುದಿಲ್ಲ. ಅದಕ್ಕೆ ವಾರದ ಸಂತೆ ಬೇಕು. ಹೊಸ ತಂಡಕ್ಕೆ ಆ ಸಂತೆಯೆಂದರೆ ನೂರಿನ್ನೂರು ಜನ ಹಿಡಿಸುವ ಕೋಣೆ.

ಇದನ್ನು ಚೆನ್ನಾಗಿ ಅರಿತವರು ಅಮೆರಿಕದ ‘ಹಾರ್ಡ್‌ಕೋರ್’ ಹುಡುಗರು. ಪಂಕ್ ರಾಕ್‌ನ ವೇಗವನ್ನು ಇನ್ನಷ್ಟು ಏರಿಸಿ, ಹಾಡನ್ನು ಒಂದೆರಡು ನಿಮಿಷಕ್ಕೆ ಇಳಿಸಿದ ಪಂಥವಿದು. 1980ರ ಸುಮಾರಿಗೆ ವಾಷಿಂಗ್ಟನ್‌ನಲ್ಲಿ ‘ಬ್ಯಾಡ್ ಬ್ರೇನ್ಸ್’, ‘ಮೈನರ್ ಥ್ರೆಟ್’ ತಂಡಗಳು ಇದನ್ನು ಬೆಳೆಸಿದವು. ಅಭಿಮಾನಿಗಳಲ್ಲಿ ಬಹಳ ಮಂದಿ ಶಾಲಾ ವಯಸ್ಸಿನವರು. ಸಂಗೀತ ನಡೆಯುತ್ತಿದ್ದುದು ಮದ್ಯ ಮಾರುವ ಕ್ಲಬ್ಬುಗಳಲ್ಲಿ. ಬಾಗಿಲಲ್ಲೇ ತಡೆದು ಕಳಿಸುವುದೇ? ಅವರು ಒಂದು ಉಪಾಯ ಕಂಡುಕೊಂಡರು: ಚಿಕ್ಕವರ ಕೈಮೇಲೆ ದೊಡ್ಡದೊಂದು ಇಂಟು ಮಾರ್ಕು. ಆ ಗುರುತಿದ್ದವರಿಗೆ ಮದ್ಯವಿಲ್ಲ, ಸಂಗೀತವುಂಟು. ಮುಂದೆ ಆ ಗುರುತೇ ಪಂಥದ ಲಾಂಛನವಾಯಿತು.

ನಮ್ಮಲ್ಲಿ ಸಮಸ್ಯೆ ಬಂದದ್ದು ಒಂದು ಪದದಿಂದ. ‘ಲೈವ್ ಬ್ಯಾಂಡ್’ ಎಂದರೆ ಬೆಂಗಳೂರಿನ ಆಡುಮಾತಿನಲ್ಲಿ ಯುವತಿಯರು ಕುಣಿಯುವ ಬಾರು ಎಂದೇ ಅರ್ಥ ನಿಂತುಬಿಟ್ಟಿದೆ. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗಾಗಿ ನಗರ ಪೊಲೀಸರು 2005ರಲ್ಲಿ ಹೊರಡಿಸಿದ ಆದೇಶ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳನ್ನು ಒಂದೇ ಸಾಲಿನಲ್ಲಿ ಕೂರಿಸಿತು. ಮೂಲೆಯಲ್ಲಿ ಕುಳಿತು ಗಿಟಾರ್ ಮೀಟುವವನೂ ಅದರ ವ್ಯಾಪ್ತಿಗೆ ಬಂದ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2018ರ ಜನವರಿಯಲ್ಲಿ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಪಟ್ಟು ಬಿಗಿ ಮಾಡಿದಾಗ ಇಂದಿರಾನಗರದಂಥ ಕಡೆ ಅನೇಕ ಪಬ್ಬುಗಳಲ್ಲಿ ಸಂಗೀತ ನಿಂತಿತು.

ನಿಯಮವೇ ಬೇಡವೆನ್ನಲಾಗದು. ಬೆಂಕಿ ಬಿದ್ದರೆ ಜನ ಹೊರಬರಲು ದಾರಿಯಿರಬೇಕು. ಪಕ್ಕದ ಮನೆಯ ಮಗು ನಿದ್ದೆ ಮಾಡಬೇಕು. ಆದರೆ ಕುಣಿತದ ಬಾರಿಗೂ ಹೊಸ ಹಾಡು ಹೊಸೆಯುವ ಹುಡುಗರಿಗೂ ಒಂದೇ ತಕ್ಕಡಿ ಎಂಬುದು ನ್ಯಾಯವೇ? ದೊಡ್ಡ ಮೈದಾನ ಹಿಡಿಯುವ ಸಂಘಟಕರಿಗೆ ಪರವಾನಗಿ ಪಡೆಯುವ ಬಲವಿರುತ್ತದೆ. ಹೊಡೆತ ಬೀಳುವುದು ಸಣ್ಣ ಕೋಣೆಗೆ, ಅಂದರೆ ನಾಳೆಯ ತಂಡಕ್ಕೆ.

ಇದಕ್ಕೆ ಪರಿಹಾರದ ಮಾದರಿ ನಮ್ಮ ಕಣ್ಣೆದುರಿಗೇ ಇದೆ. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ‘ರಂಗಶಂಕರ’ ಹವ್ಯಾಸಿ ನಾಟಕ ತಂಡಗಳಿಗೆ ಕೈಗೆಟುಕುವ ರಂಗ ಒದಗಿಸಿತು, ನೋಡುಗರನ್ನೂ ಬೆಳೆಸಿತು. ಮದ್ಯದ ಹಂಗಿಲ್ಲದ, ಶಬ್ದ ಹೊರಹೋಗದ ಅಂಥದೊಂದು ಸಂಗೀತದ ಮನೆ ಬಡಾವಣೆಗೊಂದು ಇದ್ದರೆ ಸಾಕು. ಊರ ದುರ್ಯೋಧನನಿಗೆ ದೇವಸ್ಥಾನದ ಮುಂದೆ ಸಿಗುವ ಆ ಒಂದು ರಾತ್ರಿ ನಗರದ ಹುಡುಗನಿಗೂ ಸಿಕ್ಕೀತು.