ಪೆಟ್ರೋಲ್ ಟ್ಯಾಂಕಿನ ತುಕ್ಕು ಮತ್ತು ಮೆಹ್ರೌಲಿಯ ಕಂಬ

ನಮ್ಮ ತಂದೆಯವರು 1984ರಲ್ಲಿ ವರ್ಗವಾಗಿ ಮೈಸೂರಿನಿಂದ ದೆಹಲಿಗೆ ಬಂದಾಗ, ಪಾತ್ರೆ ಪಡಗಗಳ ಜೊತೆಗೆ ಒಂದು ಯೆಜ್ಡಿ ಮೋಟಾರ್ ಸೈಕಲ್ಲೂ ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ಬಂದಿತ್ತು. ಈಗ ಅವರು ಊರಿಗೆ ಮರಳಿ ನೆಲೆಸಲು ನಿಶ್ಚಯಿಸಿದ್ದಾರೆ. ಗಾಡಿಯೂ ತಮ್ಮೊಡನೆ ಬರಬೇಕು, ಬಂದ ಮೇಲೆ ಓಡಬೇಕು ಎಂಬುದು ಅವರ ಒಂದೇ ಷರತ್ತು. ರೈಲಿಗೆ ಹಾಕುವ ಮುನ್ನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬೇಕಷ್ಟೆ. ನಲ್ಲಿ ತಿರುಗಿಸಿದೆವು. ಇಳಿದದ್ದು ಪೆಟ್ರೋಲಲ್ಲ, ಬೆಲ್ಲದ ಪಾಕದಂತಹ ಕೆಂಗಂದು ದ್ರವ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ತಳವೆಲ್ಲ ಕಾವಿ ಬಳಿದಂತಿತ್ತು.

ಹಳೆಯ ಗಾಡಿಯೊಂದು ಮೂಲೆಯಲ್ಲಿ ನಿಂತಿರುವ ಮನೆಗಳು ನಮ್ಮ ವಾಚಕರಲ್ಲೂ ಹಲವಿರಬಹುದು. ಆದ್ದರಿಂದ ಈ ತುಕ್ಕಿನ ಕಥೆಯನ್ನು, ಅದನ್ನು ಮನುಷ್ಯ ಎದುರಿಸಿದ ಚರಿತ್ರೆಯೊಡನೆ, ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಗಾಡಿಯ ಕುಲಗೋತ್ರ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಅದರ ಪರವಾನಗಿ ಪಡೆದು ಪಾರಸಿ ಉದ್ಯಮಿ ರುಸ್ತುಂ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಉತ್ಪಾದನೆ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಪೇಟೆಗೆ ಬಂದವು ನಿಜ. ಆದರೆ ಈ ಹೊಸ ಗಾಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಯಾದವಗಿರಿಯ ಟ್ಯಾಂಕ್ ಇನ್ನು ಹುಟ್ಟುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಇಷ್ಟು ವರ್ಷ ಸುಮ್ಮನಿದ್ದ ತುಕ್ಕು ಈಗೇಕೆ ಬಂತು? ಗಾಡಿ ಓಡುತ್ತಿದ್ದಾಗ ಟ್ಯಾಂಕ್ ಆಗಾಗ ತುಂಬುತ್ತಿತ್ತು. ಯೆಜ್ಡಿಯದು ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿಗೇ ಎಣ್ಣೆ ಬೆರೆಸುವುದು ವಾಡಿಕೆ. ಆ ಎಣ್ಣೆಯ ತೆಳುಪದರ ಒಳಗೋಡೆಯನ್ನು ಸ್ವಲ್ಪಮಟ್ಟಿಗೆ ಕಾಯುತ್ತಿತ್ತು. ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾದ ಮೇಲೆ ಗಾಡಿ ಅಂಗಳದಲ್ಲಿ ನಿಂತಿತು, ಅರ್ಧ ತುಂಬಿದ ಟ್ಯಾಂಕಿನೊಡನೆ. ಉಳಿದರ್ಧ ಗಾಳಿ. ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ ಆ ಗಾಳಿಯ ತೇವ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಒಂದೆಡೆ ಸೇರಿದರೆ ಇನ್ನೇನು ಬೇಕು? ಸಾಲದ್ದಕ್ಕೆ ಪೆಟ್ರೋಲಿನಲ್ಲಿ ಎಥನಾಲ್. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರಷ್ಟು ಬೆರೆಸಲು ಆರಂಭಿಸಿ, 2022ಕ್ಕೆ ಶೇ. 10 ತಲುಪಿ, 2023ರಿಂದ ಶೇ. 20ರ ಪೆಟ್ರೋಲ್ ಬಂತು. ಎಥನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದಾಗ ಆ ನೀರಿನೊಡನೆ ತಾನೂ ಬೇರ್ಪಟ್ಟು ತಳಕ್ಕಿಳಿಯುತ್ತದೆ.

ತುಕ್ಕಿನೊಡನೆ ಮನುಷ್ಯನ ಹೋರಾಟ ಹಳೆಯದು. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯವರು ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿ, ಆ ತುಂಡು ಸವೆದು ತಾಮ್ರ ಉಳಿಯುವಂತೆ ಮಾಡಿದರು. ತಾಮ್ರವೇನೋ ಉಳಿಯಿತು, ಆದರೆ ಕರಗದ ತಾಮ್ರದ ಮೇಲೆ ಚಿಪ್ಪು, ಪಾಚಿ ಬೆಳೆದು ಹಡಗು ನಿಧಾನವಾಯಿತು! 1837ರಲ್ಲಿ ಫ್ರಾನ್ಸಿನ ಸೊರೆಲ್ ಅವರು ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮೋಟಾರು ಯುಗದಲ್ಲಿ ಇಂಧನದ ಟ್ಯಾಂಕುಗಳಿಗೆ ಸೀಸ-ತವರದ ಲೇಪವಿದ್ದ ತಗಡನ್ನು ಬಹುಕಾಲ ಬಳಸಿದರು. ನಮಗೆ ಹೆಚ್ಚು ಪ್ರಯೋಜನವಾದದ್ದು 1906ರಲ್ಲಿ ಥಾಮಸ್ ಕೋಸ್ಲೆಟ್ ಎಂಬ ಆಂಗ್ಲರು ಪೇಟೆಂಟ್ ಪಡೆದ ಉಪಾಯ: ಉಕ್ಕನ್ನು ಫಾಸ್ಫಾರಿಕ್ ಆಮ್ಲದಲ್ಲಿ ಕಾಯಿಸಿ ಮೇಲ್ಮೈಯಲ್ಲಿ ಫಾಸ್ಫೇಟಿನ ಪೊರೆ ಕಟ್ಟಿಸುವುದು.

ಆದರೆ ಕೋಸ್ಲೆಟ್ಟರಿಗಿಂತ ಬಹಳ ಮೊದಲೇ ಈ ಪೊರೆ ನಮ್ಮ ಮೆಹ್ರೌಲಿಯಲ್ಲಿ ತಾನಾಗಿ ಮೂಡಿತ್ತು. ಊರಿಂದ ನೆಂಟರು ಬಂದಾಗಲೆಲ್ಲ ನಾವು ಕುತುಬ್ ಮಿನಾರಿಗೆ ಕರೆದೊಯ್ದು ತೋರಿಸುವ ಕಬ್ಬಿಣದ ಕಂಬವಿದೆಯಲ್ಲ, ಅದೇ. ಏಳು ಮೀಟರಿಗೂ ಎತ್ತರ, ಆರು ಟನ್ನಿಗೂ ಹೆಚ್ಚು ತೂಕ, ಸುಮಾರು 1600 ವರ್ಷ ವಯಸ್ಸು. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರು ಅದರ ಗುಟ್ಟನ್ನು ವಿವರಿಸಿದರು. ಇದ್ದಿಲಿನಿಂದ, ಸುಣ್ಣಕಲ್ಲು ಹಾಕದೆ ಅದಿರು ಕರಗಿಸಿದ್ದರಿಂದ ಕಬ್ಬಿಣದಲ್ಲಿ ರಂಜಕ ಉಳಿಯಿತು. ಮೊದಲು ಹಿಡಿದ ತುಕ್ಕೇ ಆ ರಂಜಕದೊಡನೆ ಸೇರಿ ಫಾಸ್ಫೇಟಿನ ಪೊರೆಯಾಗಿ ಕಂಬವನ್ನು ಕಾಯಿತು. ದೆಹಲಿಯ ಒಣಹವೆಯೂ ಸಹಾಯ ಮಾಡಿತೆನ್ನಿ. ನೆಲದಲ್ಲಿ ಹುದುಗಿದ ಭಾಗಕ್ಕೆ ತುಕ್ಕು ತಪ್ಪಲಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಕೊಡಚಾದ್ರಿಯ ಆದಿ ಮೂಕಾಂಬಿಕೆಯ ಗುಡಿಯ ಬಳಿಯೂ ಒಂದು ಹಳೆಯ ಕಬ್ಬಿಣದ ಕಂಬ ನಿಂತಿದೆಯೆಂಬುದನ್ನು ಮರೆಯಬಾರದು.

ಇಷ್ಟು ತಿಳಿದೂ ನಾವು ಮೊದಲು ಎಡವಿದೆವು. ಮೆಕ್ಯಾನಿಕ್ ಒಬ್ಬರ ಮಾತು ಕೇಳಿ ಟ್ಯಾಂಕಿನೊಳಗೆ ಜಲ್ಲಿ, ಸೋಪಿನ ನೀರು ಹಾಕಿ ಇಬ್ಬರು ಮಕ್ಕಳೊಡನೆ ಕುಲುಕಿದೆವು. ಸಂಜೆಗೆ ಒಳಗೆಲ್ಲ ಬೆಳ್ಳಿಯಂತಾಯಿತು. ಹಾಗೆಯೇ ಒಣಗಲು ಬಿಟ್ಟು ಮಲಗಿದೆವು. ಬೆಳಗ್ಗೆ ನೋಡಿದರೆ ಕಿತ್ತಳೆ ಬಣ್ಣ! ಬತ್ತಲೆ ಉಕ್ಕಿಗೆ ಒಂದು ರಾತ್ರಿಯ ತೇವ ಸಾಕು. ಬಿ.ಎಸ್‌ಸಿ. ಓದಿದ ಮಗ ಇಷ್ಟನ್ನೂ ಅರಿಯನೇ ಎಂಬಂತೆ ತಂದೆಯವರು ನಮ್ಮನ್ನು ನೋಡಿದರು.

ಎರಡನೆಯ ಸಲ ಕ್ರಮವಾಗಿ ಮಾಡಿದೆವು. ಪೆಟ್ರೋಲಿನ ಆವಿ ಬೆಂಕಿಗೆ ಹಾತೊರೆಯುವಂಥದು. ಆದ್ದರಿಂದ ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದೆಡೆ, ನಲ್ಲಿ ಕಳಚಿ ಸೋಪಿನ ನೀರಿನಿಂದ ಮೂರು ಬಾರಿ ತೊಳೆದೆವು. ತೂತನ್ನು ಮುಚ್ಚಿ, ಹತ್ತು ಲೀಟರು ಬಿಸಿನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಮ್ಲ ಬೆರೆಸಿ ತುಂಬಿದೆವು. ಅಜ್ಜಿ ಹುಣಸೆಹಣ್ಣಿನಲ್ಲಿ ಹಿತ್ತಾಳೆ ಬೆಳಗುತ್ತಿದ್ದ ವಿದ್ಯೆಯೇ ಇದು. ಒಂದು ದಿನದ ನಂತರ ಚೆಲ್ಲಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದೆವು. ತಡಮಾಡದೆ ತೆಳುವಾದ ಫಾಸ್ಫಾರಿಕ್ ಆಮ್ಲವನ್ನು, ಕೈಗವಸು, ಕನ್ನಡಕ ಧರಿಸಿ, ಎಲ್ಲ ಮೂಲೆಗೂ ತಾಗುವಂತೆ ಆಡಿಸಿ ಹೊರಚೆಲ್ಲಿ, ತಲೆಗೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದೆವು. ಒಳಮೈ ಮಸುಕು ಬೂದುಬಣ್ಣಕ್ಕೆ ತಿರುಗಿತು. ಮರುದಿನವೂ, ವಾರದ ನಂತರವೂ ಹಾಗೆಯೇ ಇತ್ತು. ಬೆಳ್ಳಿಯಂತೆ ಹೊಳೆದದ್ದು ಒಂದು ರಾತ್ರಿ ಬಾಳಲಿಲ್ಲ. ಮಂಕಾಗಿ ಕಂಡದ್ದು ಉಳಿಯಿತು.

ಮೊನ್ನೆ ಭಾನುವಾರ ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸಿ ಅರ್ಧ ಲೀಟರು ಹಾಕಿದೆವು. ಯೆಜ್ಡಿಯಲ್ಲಿ ಒದೆಯುವ ಸನ್ನೆಯೇ ಗೇರಿನ ಸನ್ನೆಯೂ ಹೌದು. ಹೊಸಬರಿಗೆ ಅದು ಒಗ್ಗದು. ಎಪ್ಪತ್ತೆಂಟರ ತಂದೆಯವರು ನಮ್ಮನ್ನು ಪಕ್ಕಕ್ಕೆ ಸರಿಸಿ ತಾವೇ ಕಾಲಿಟ್ಟರು. ನಾಲ್ಕನೆಯ ಒದೆತಕ್ಕೆ ಎರಡು ಕೊಳವೆಗಳಿಂದ ನೀಲಿ ಹೊಗೆ ಬಂತು, ಆ ಹಳೆಯ ಸದ್ದು ಬಂತು. ಅವರು ಏನೂ ಹೇಳಲಿಲ್ಲ, ಬಹಳ ಹೊತ್ತು ನಿಲ್ಲಿಸಲೂ ಇಲ್ಲ.

ಈಗ ಟ್ಯಾಂಕ್ ಮತ್ತೆ ಖಾಲಿ. ಒಳಗೆ ಎಣ್ಣೆ ಆಡಿಸಿ ಮುಚ್ಚಳ ಬಿಗಿದಿದ್ದೇವೆ. ಬರುವ ವಾರ ಗಾಡಿ ಪಾರ್ಸೆಲ್ ಕಚೇರಿಗೆ ಹೋಗುತ್ತದೆ. ಮೈಸೂರು ತಲುಪಿದೊಡನೆ ಕತ್ತಿನವರೆಗೂ ಪೆಟ್ರೋಲ್ ತುಂಬಿಸಿ, ವಾರಕ್ಕೊಮ್ಮೆಯಾದರೂ ಓಡಿಸಿ ಎಂದು ತಂದೆಯವರಿಗೆ ಹೇಳಿದ್ದೇವೆ. ಅದನ್ನು ನೀನು ಹೇಳಬೇಕೇ ಎಂದರು.